ಆ ಶನಿವಾರ ಕಾರಿನಲ್ಲಿದ್ದವಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಅಡ್ಡ ಬಾಯಿ ಹಾಕುತ್ತಿದ್ದವಳು ನಾನೇ. ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದ ಮೇಲೆ ಒಬ್ಬರಲ್ಲ ಒಬ್ಬರು ಶುರು ಮಾಡುತ್ತಿದ್ದರು. ಯಾರದೋ ಅತ್ತೆ ಸತ್ತ ಮೇಲೂ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದ್ದು, ಯಾರದೋ ಮಾವನಿಗೆ ಘಾಟಿಯಲ್ಲಿ ಬಿಳಿ ಸೀರೆ ಕಂಡದ್ದು. ನಾನು ಗಣಿತದ ಟೀಚರ್. ಎಷ್ಟು ಜನ ನೋಡಿದರು, ಬೆಳಕು ಎಷ್ಟಿತ್ತು, ಬರೆದಿಟ್ಟ ದಾಖಲೆ ಏನಾದರೂ ಉಂಟಾ ಎಂದು ಮೂರು ಪ್ರಶ್ನೆ ಕೇಳಿ ಆ ಕಥೆಯ ಗಾಳಿ ತೆಗೆದುಬಿಡುತ್ತಿದ್ದೆ.

ಈಗ ಅದೇ ಮೂರು ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತ ನಾಲ್ಕು ವರ್ಷವಾಯಿತು. ಬೆಳಕು ಚೆನ್ನಾಗಿತ್ತು, ಹಗಲು. ನೋಡಿದವರೂ ಇದ್ದಾರೆ. ದಾಖಲೆಯೂ ಇದೆ, ಅದೂ ನನ್ನದೇ ಕೈಬರಹದಲ್ಲಿ. ಆದರೂ ನನಗೆ ಏನೂ ಗೊತ್ತಾಗಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇವತ್ತು ಬರೆಯುತ್ತಿದ್ದೇನೆ. ನಂಬಿ ಎಂದು ಕೇಳುವ ಧೈರ್ಯ ನನಗಿಲ್ಲ.

ನಾವಿರುವುದು ಸಾಗರದಲ್ಲಿ. ನಮ್ಮವರದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಇಡೀ ದಿನ ತಾಮ್ರದ ತಂತಿ, ವಾರ್ನಿಷ್ ವಾಸನೆ, ಮೈಮೇಲೆ ಎಣ್ಣೆ ಕಲೆ. ಮಾತು ಕಡಿಮೆ. ಆಗ ನಮಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ನಾವು ಜಗಳವಾಡುವ ಜೋಡಿಯಲ್ಲ, ನಗುವ ಜೋಡಿಯೂ ಅಲ್ಲ. ಮಗಳು ಉಡುಪಿಗೆ ಓದಲು ಹೋದ ಮೇಲಂತೂ ರಾತ್ರಿ ಊಟದ ಹೊತ್ತಿಗೆ ನಮ್ಮಿಬ್ಬರಿಗಿಂತ ಟಿವಿಯೇ ಹೆಚ್ಚು ಮಾತಾಡುತ್ತಿತ್ತು.

ಘಟ್ಟದ ಕಾಡುಗಳ ನಡುವೆ ಎರಡು ಮೂರು ದಿನ ಸುಮ್ಮನೆ ಕಾರಿನಲ್ಲಿ ಸುತ್ತಬೇಕು, ಕುದುರೆಮುಖದ ರಾಷ್ಟ್ರೀಯ ಉದ್ಯಾನದ ತನಕ ಹೋಗಿ ಬರಬೇಕು ಎನ್ನುವುದು ನನ್ನ ಬಹಳ ಹಳೆಯ ಆಸೆ. ಇಷ್ಟು ಹತ್ತಿರ ಹುಟ್ಟಿ ಬೆಳೆದು ನಾನು ಆ ಬೆಟ್ಟಗಳನ್ನು ನೋಡಿರಲಿಲ್ಲ. ಕೇಳಿದಾಗಲೆಲ್ಲ ನಮ್ಮವರದು ಒಂದೇ ಉತ್ತರ, "ಅಂಗಡಿ ಬಿಟ್ಟು ಹೆಂಗೆ ಬರೋದು?" ಆ ವರ್ಷ ದಸರಾ ರಜೆಯಲ್ಲಿ ಆಸೆಯೇನೂ ಇಟ್ಟುಕೊಳ್ಳದೆ ಮತ್ತೆ ಕೇಳಿದೆ. ಅವರು ತಲೆ ಎತ್ತಿ ನನ್ನನ್ನೇ ನೋಡಿದರು. "ಹೋಗಣ," ಎಂದರು. ಮಾರನೆ ದಿನ ಅವರೇ ಕಾರು ತೊಳೆದರು. ಹಾಡು ಗುನುಗುತ್ತಿದ್ದರು. ನನಗೆ ಖುಷಿಯಾಯಿತು, ಸ್ವಲ್ಪ ಆಶ್ಚರ್ಯವೂ ಆಯಿತು.

ದಾರಿಯನ್ನು ಗೊತ್ತು ಮಾಡಿದವಳು ನಾನು. ಮೊದಲ ದಿನ ಹೊಸನಗರ, ನಗರದ ಕೋಟೆ, ಹುಲಿಕಲ್ ಕಾಡು, ಸಂಜೆಗೆ ತೀರ್ಥಹಳ್ಳಿ. ಎರಡನೆಯ ದಿನ ಆಗುಂಬೆ, ಶೃಂಗೇರಿ ದಾಟಿ ಕುದುರೆಮುಖ. ಮೂರನೆಯ ದಿನ ಕೋಣಂದೂರಿನಲ್ಲಿ ನನ್ನ ತವರುಮನೆಗೆ ಹೋಗಿ ಅಮ್ಮನನ್ನು ನೋಡಿಕೊಂಡು ಸಾಗರಕ್ಕೆ ವಾಪಸ್.

ನಗರ ತಲುಪಿದಾಗ ಬೆಳಗಿನ ಒಂಬತ್ತು ದಾಟಿತ್ತು. ಕೋಟೆಗೆ ಮೊದಲು ರಸ್ತೆ ಪಕ್ಕದ ಒಂದು ಸಣ್ಣ ಹೋಟೆಲಿನ ಮುಂದೆ ನಮ್ಮವರು ಕಾರು ನಿಲ್ಲಿಸಿದರು. ಸುಮಾರು ಅರವತ್ತರ ಹೆಂಗಸೊಬ್ಬರು ಒಬ್ಬರೇ ನೀರುದೋಸೆ ಎರೆಯುತ್ತಿದ್ದರು. ನಮ್ಮನ್ನು ನೋಡಿ ಅವರ ಮುಖ ಅರಳಿತು.

"ಓ, ಬಂದ್ರಾ! ಕೂತ್ಕಳಿ, ಕೂತ್ಕಳಿ," ಎಂದು ಎರಡು ತಟ್ಟೆ ತಂದಿಟ್ಟು ನನ್ನ ಕಡೆ ತಿರುಗಿದರು. "ಅಕ್ಕಾ, ಚಟ್ನಿಗೆ ಖಾರ ಕಮ್ಮಿ ಮಾಡಿದೀನಿ ಇವತ್ತು. ಹೋದ್ ಸಲ ನಗ್ತಾ ನಗ್ತಾ ನೆತ್ತಿಗೆ ಹತ್ತಿಸ್ಕಂಡು ಎಷ್ಟು ಫಜೀತಿ ಆಯ್ತು ಮಾರಾಯ್ತಿ ನಿಮಗೆ!"

ನೀವು ಬೇರೆ ಯಾರನ್ನೋ ಅಂದುಕೊಂಡಿದ್ದೀರಿ, ನಾನು ಇಲ್ಲಿಗೆ ಬರುತ್ತಿರುವುದೇ ಮೊದಲು ಎಂದೆ. ಆಕೆ ನಗುತ್ತಲೇ ನಮ್ಮವರ ಮುಖ ನೋಡಿದರು. ನಮ್ಮವರು ತಟ್ಟೆಯಿಂದ ಕಣ್ಣೆತ್ತದೆ, "ಇರ್ಲಿ ಬಿಡಿ ಅಮ್ಮ," ಎಂದರು. ಇಲ್ಲ ಎನ್ನಲಿಲ್ಲ. ಆಕೆಯ ನಗು ಅಲ್ಲಿಗೇ ನಿಂತಿತು. ಆಮೇಲೆ ಆಕೆ ನಮ್ಮ ಕಡೆ ಬರಲೇ ಇಲ್ಲ.

ಕೋಟೆಯೊಳಗೆ ನಮ್ಮವರು ಮುಂದೆ, ನಾನು ಹಿಂದೆ. ಯಾರನ್ನೂ ಕೇಳದೆ ಎಡಕ್ಕೆ ತಿರುಗಿ ನೇರವಾಗಿ ಹಳೆಯ ಕೊಳದ ಹತ್ತಿರ ಹೋದರು. "ಈ ಮೆಟ್ಲು ಜಾರುತ್ತೆ, ನೋಡ್ಕಂಡು," ಎಂದು ಕೈ ಚಾಚಿದರು. ನಾನು ಕೈ ಕೊಡಲಿಲ್ಲ.

"ಇಲ್ಲಿಗೆ ಯಾರ ಜೊತೆ ಬಂದಿದ್ರಿ?"

ಅವರು ಪ್ರಶ್ನೆಯೇ ಅರ್ಥವಾಗದವರಂತೆ ನಿಂತರು. "ನಿನ್ನ ಜೊತೆ," ಎಂದರು.

ನೀವು ಏನು ಯೋಚಿಸುತ್ತಿದ್ದೀರೋ ನಾನೂ ಅದನ್ನೇ ಯೋಚಿಸಿದೆ. ಇನ್ನೊಬ್ಬಳಿದ್ದಾಳೆ. ನನ್ನನ್ನು ಇಪ್ಪತ್ತೆರಡು ವರ್ಷ ಕರೆದುಕೊಂಡು ಬಾರದ ದಾರಿಯಲ್ಲಿ ಅವಳನ್ನು ಕರೆದುಕೊಂಡು ಬಂದಿದ್ದಾರೆ, ಅವಳ ಜೊತೆ ನೆತ್ತಿಗೇರುವಷ್ಟು ನಕ್ಕಿದ್ದಾರೆ. ಈಗ ಸಿಕ್ಕಿಬಿದ್ದ ಕ್ಷಣದಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ. ಹುಲಿಕಲ್ ಕಾಡಿನಲ್ಲಿ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ, "ಸಿಂಗಳೀಕ, ಅಲ್ ನೋಡು, ಮರಿ ಬೇರೆ ಇದೆ," ಎಂದು ತೋರಿಸಿದರು. ನಾನು ಕತ್ತು ತಿರುಗಿಸಲಿಲ್ಲ. ಅಷ್ಟು ವರ್ಷ ಆಸೆಪಟ್ಟ ಕಾಡು ಕಾರಿನ ಎರಡೂ ಪಕ್ಕದಲ್ಲಿ ಓಡುತ್ತಿತ್ತು, ನನಗೆ ಒಂದು ಮರವೂ ನೆನಪಿಲ್ಲ.

ಸಂಜೆ ತೀರ್ಥಹಳ್ಳಿಯಲ್ಲಿ ಲಾಡ್ಜಿಗೆ ಬ್ಯಾಗ್ ಹಾಕಿ ತುಂಗೆಯ ದಡಕ್ಕೆ ಹೋದೆವು. ಹೊಳೆಯಲ್ಲಿ ಹೆಂಗಸರು ಬಟ್ಟೆ ಒಗೆದು ಮುಗಿಸಿ ಏಳುತ್ತಿದ್ದರು. ಅವರು ಹೋಗುವ ತನಕ ಕಾದು ಕೇಳಿದೆ, "ಯಾರವಳು? ಹೆಸರು ಹೇಳಿ, ಸಾಕು."

ನಮ್ಮವರು ನಿಧಾನವಾಗಿ ಹೇಳಿದ್ದು ಇಷ್ಟು. ಆ ವರ್ಷ ಫೆಬ್ರವರಿಯಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ನಾನು ಕೋಣಂದೂರಿನಲ್ಲಿ ಹತ್ತು ದಿನ ಇದ್ದೆ. ಅದು ನಿಜ. ಎರಡನೆಯ ಶನಿವಾರದ ಹಿಂದಿನ ಸಂಜೆ ನಾನೇ ಫೋನ್ ಮಾಡಿ, ನಾಳೆ ಬೆಳಗಾಗುವ ಮೊದಲೇ ಬನ್ನಿ, ನಾವಿಬ್ಬರೇ ಕುದುರೆಮುಖಕ್ಕೆ ಹೋಗಿ ಬರೋಣ ಎಂದೆನಂತೆ. ಅವರು ಬಂದಾಗ ನಾನು ಕೋಣಂದೂರು ಬಸ್ ಸ್ಟ್ಯಾಂಡಿನ ಎದುರು ಬರಿಗೈಯಲ್ಲಿ ನಿಂತಿದ್ದೆನಂತೆ. ಮೊದಲು ನಗರದ ಕೋಟೆ ಎಂದು ನಾನೇ ಹೇಳಿದೆನಂತೆ. ದಿನವಿಡೀ ಸುತ್ತಿ, ಸಂಜೆ ಕತ್ತಲಾಗುವಾಗ ಅದೇ ಜಾಗದಲ್ಲಿ ಇಳಿದು, ಮನೆ ತನಕ ಬರಬೇಡಿ, ಅಮ್ಮನಿಗೆ ಹೇಳಿ ಬಂದಿಲ್ಲ ಎಂದು ನಡೆದು ಹೋದೆನಂತೆ.

"ಎಂಟು ತಿಂಗಳಾಯ್ತು. ಒಂದು ದಿನವೂ ಈ ಮಾತು ಎತ್ತಲಿಲ್ಲ ನೀವು," ಎಂದೆ.

"ನೀನೇ ಹೇಳಿದ್ದೆ ಎತ್ತಬೇಡಿ ಅಂತ. ಮನೇಲಿ ನಾನು ಬೇರೆ ಥರ ಇರ್ತೀನಿ, ಅಲ್ಲಿ ಕೇಳಬೇಡಿ ಅಂತ. ನೀನಾಗೇ ಮತ್ತೆ ಹೋಗಣ ಅಂದಾಗ, ಈಗ ಸರಿಯಾಯ್ತು ಅನ್ಕಂಡೆ."

ನಾನು ಫೋನೂ ಮಾಡಿಲ್ಲ, ಎಲ್ಲಿಗೂ ಬಂದಿಲ್ಲ ಎಂದು ಹೇಳಿದೆ. ದನಿ ಏರಿತ್ತೆಂದು ಕಾಣುತ್ತದೆ, ದೂರದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದವರು ತಿರುಗಿ ನೋಡಿದರು. ನಮ್ಮವರ ಕಣ್ಣಲ್ಲಿ ನೀರಿತ್ತು. "ಹಿಂಗೆ ಹೇಳ್ತೀನಿ ಅಂತಾನೂ ನೀನೇ ಹೇಳಿದ್ದೆ," ಎಂದರು.

ಆ ಮಾತಿಗೆ ನನಗೆ ಹೆದರಿಕೆಯಾಯಿತು. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಇಷ್ಟು ಸರಳ ಮನುಷ್ಯ ಎಂದುಕೊಂಡಿದ್ದವರು ಎಂಥ ಜಾಣತನದ ಸುಳ್ಳು ಕಟ್ಟಿದ್ದಾರೆ ಅನ್ನಿಸಿತು. ಯಾವ ಪ್ರಶ್ನೆ ಕೇಳಿದರೂ "ನೀನೇ ಹೇಳಿದ್ದೆ" ಎಂದುಬಿಟ್ಟರೆ ಮುಗಿಯಿತಲ್ಲ.

ಬೆಳಿಗ್ಗೆ ಅವರೇ ಸಾಗರಕ್ಕೆ ವಾಪಸ್ ಹೋಗೋಣ ಎಂದರು. ಬೇಡ, ಕುದುರೆಮುಖಕ್ಕೇ ಹೋಗೋಣ ಎಂದು ನಾನು ಹಟ ಹಿಡಿದೆ. ನೋಡುವ ಆಸೆಯಿಂದಲ್ಲ. ಅಲ್ಲಿ ಎಲ್ಲಾದರೂ ಅವರ ಸುಳ್ಳು ಸಿಕ್ಕಿಬೀಳುತ್ತದೆ ಎಂಬ ಲೆಕ್ಕದಿಂದ.

ಶೃಂಗೇರಿ ದಾಟಿದ ಮೇಲೆ ಉದ್ಯಾನದ ಗೇಟಿನಲ್ಲಿ ಕಾರಿನ ನಂಬರು ಬರೆದುಕೊಂಡು, ಎಷ್ಟರೊಳಗೆ ಉದ್ಯಾನ ದಾಟಬೇಕೆಂದು ಸಮಯ ಹಾಕಿದ ಚೀಟಿ ಕೊಟ್ಟರು. ಅಲ್ಲಿಂದ ಮುಂದೆ ಕಾಡು ಒತ್ತಾಗುತ್ತ ಹೋಗಿ, ಇದ್ದಕ್ಕಿದ್ದಂತೆ ಮರಗಳೆಲ್ಲ ಕೆಳಗುಳಿದು ಹುಲ್ಲಿನ ಬೆಟ್ಟಗಳು ಎದುರಾಗುತ್ತವೆ. ಒಂದರ ಹಿಂದೆ ಒಂದು, ಮಂಜು ಸರಿದಂತೆಲ್ಲ ಇನ್ನೂ ಒಂದು. ಸಿಟ್ಟಿನಲ್ಲೂ ನಾನು ಒಂದು ಕ್ಷಣ ಬಾಯಿ ತೆರೆದು ನೋಡಿದೆ. ನಮ್ಮವರು ಓರೆಗಣ್ಣಿನಿಂದ ನನ್ನನ್ನು ನೋಡಿ, "ಅವತ್ತೂ ಹಿಂಗೇ ನೋಡ್ದೆ," ಎಂದು ಮೆಲ್ಲಗೆ ಹೇಳಿದರು. ನಾನು ಕಿಟಕಿಯ ಗಾಜು ಏರಿಸಿದೆ.

ಉದ್ಯಾನದೊಳಗಿನ ಒಂದು ಜಲಪಾತಕ್ಕೆ ಇಳಿಯುವ ಜಾಗದಲ್ಲಿ ಟಿಕೆಟ್ ಕೊಡುವ ಒಂದು ಸಣ್ಣ ಕೋಣೆ. ಬಂದವರು ಹೆಸರು, ಊರು, ಫೋನ್ ನಂಬರು, ಅನಿಸಿಕೆ ಬರೆಯುವ ದಪ್ಪ ಪುಸ್ತಕ ಅಲ್ಲಿತ್ತು. ಫೆಬ್ರವರಿಯ ಪುಟ ನೋಡಬಹುದೇ ಎಂದು ಕೇಳಿದೆ. ಕನ್ನಡಕ ಹಾಕಿದ್ದ ನಡುವಯಸ್ಸಿನ ಸಿಬ್ಬಂದಿ, "ಎಂತ ಮೇಡಂ, ಏನಾದ್ರೂ ಕಳ್ದಿತ್ತಾ?" ಎನ್ನುತ್ತ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ಎರಡನೆಯ ಶನಿವಾರದ ಪುಟದಲ್ಲಿ ಕೆಳಗಿನಿಂದ ನಾಲ್ಕನೆಯ ಸಾಲು. ನಮ್ಮವರ ಹೆಸರು, ನನ್ನ ಹೆಸರು, ಸಾಗರ. ಬರಹ ನನ್ನದು. ಇದನ್ನು ಹೇಗೆ ಹೇಳಬೇಕೋ ತಿಳಿಯುವುದಿಲ್ಲ. ಇಪ್ಪತ್ತೈದು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ನನ್ನದು. ನನ್ನ ಅಕ್ಷರ ನನಗೆ ಗೊತ್ತಿಲ್ಲವೇ? ಏಳರ ಅಂಕಿಗೆ ನಡುವೆ ಒಂದು ಅಡ್ಡಗೆರೆ ಎಳೆಯುವುದು ನನ್ನ ಅಭ್ಯಾಸ, ಮಕ್ಕಳು ಒಂದು ಎಂದು ತಪ್ಪು ಓದಬಾರದೆಂದು. ಆ ಸಾಲಿನಲ್ಲಿದ್ದ ನನ್ನ ಫೋನ್ ನಂಬರಿನ ಎರಡೂ ಏಳುಗಳಿಗೆ ಅಡ್ಡಗೆರೆ ಇತ್ತು. ಅನಿಸಿಕೆ ಎಂಬಲ್ಲಿ ಎರಡೇ ಪದ: "ಮೊದಲೇ ಬರಬೇಕಿತ್ತು."

ನಮ್ಮವರು ತಮ್ಮ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಅದೇ ಜಲಪಾತ, ಆದರೆ ಬೇಸಿಗೆಯ ಹೊಸ್ತಿಲಲ್ಲಿ ಇರುವಂತೆ ಸಣ್ಣ ನೀರು, ಹಿಂದೆ ಒಣಗಿದ ಹುಲ್ಲು. ಬಂಡೆಯ ಮೇಲೆ ನಾನು ಕೂತಿದ್ದೇನೆ. ನನ್ನದಲ್ಲದ ಒಂದು ಹಳದಿ ಸೀರೆ. ಮುಂದಿನ ಹಲ್ಲು ಸೊಟ್ಟ ಇರುವುದರಿಂದ ನಾನು ಮದುವೆಯ ಫೋಟೋದಲ್ಲೂ ಬಾಯಿ ಮುಚ್ಚಿಕೊಂಡೇ ನಿಂತವಳು. ಈ ಫೋಟೋದಲ್ಲಿ ಸೊಟ್ಟ ಹಲ್ಲು ಪೂರ್ತಿ ಕಾಣುವ ಹಾಗೆ, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದೇನೆ.

ನಾನು ಕೆಳಗಿಳಿದು ನೀರಿನ ಪಕ್ಕ ಕೂತೆ. ಅವರೂ ಬಂದು ಕೂತರು. ನನ್ನ ಮುಖ ನೋಡಿ, ಇವಳಿಗೆ ಎಲ್ಲ ನೆನಪಾಯಿತು, ಇನ್ನು ಮುಚ್ಚಿಡುವುದಿಲ್ಲ ಎಂದುಕೊಂಡರೋ ಏನೋ. ಬಂಡೆಯನ್ನು ತೋರಿಸಿ ಬಹಳ ಮೃದುವಾಗಿ, "ಇಲ್ಲೇ ಅಲ್ವಾ, ನಾನು ಆ ಕಾಗದದ ವಿಷಯ ಹೇಳಿದ್ದು," ಎಂದರು.

"ಯಾವ ಕಾಗದ?"

ಅವರು ನನ್ನ ಕಡೆ ತಿರುಗಿದರು. ನಾನು ನಾಟಕ ಮಾಡುತ್ತಿಲ್ಲ, ನನಗೆ ನಿಜವಾಗಿ ಗೊತ್ತಿಲ್ಲ ಎಂಬುದು ಆಗ ಮೊದಲ ಸಲ ಅವರಿಗೆ ಹೊಳೆಯಿತು. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ಮರೆಯಲಾರೆ. ಆದರೆ ಮಾತು ಬಾಯಿಂದ ಹೊರಗೆ ಬಂದಾಗಿತ್ತು.

ಆ ಕಾಗದದ ವಿಷಯ ಇದು. ಆ ಪ್ರವಾಸಕ್ಕೆ ಹದಿನೇಳು ವರ್ಷ ಹಿಂದೆ, ನಾನು ತಾತ್ಕಾಲಿಕ ಟೀಚರ್ ಆಗಿದ್ದಾಗ, ತೀರ್ಥಹಳ್ಳಿಯ ಕಡೆಯ ಒಂದು ಕಾಲೇಜಿಗೆ ಗಣಿತದ ಉಪನ್ಯಾಸಕಿ ಹುದ್ದೆಗೆ ಅರ್ಜಿ ಹಾಕಿ ಸಂದರ್ಶನಕ್ಕೂ ಹೋಗಿದ್ದೆ. ಎಂ.ಎಸ್ಸಿ. ಮಾಡಿದ್ದೇ ಅದಕ್ಕಾಗಿ. ಹದಿನೈದು ದಿನದೊಳಗೆ ಬಂದು ಸೇರಿಕೊಳ್ಳಿ ಎಂಬ ಕಾಗದ ಅಂಗಡಿಯ ವಿಳಾಸಕ್ಕೆ ಬಂದಿತ್ತು. ನಮ್ಮವರು ಅದನ್ನು ನನಗೆ ಕೊಡಲಿಲ್ಲ. ಮಗಳು ಆಗ ಚಿಕ್ಕವಳು, ಅತ್ತೆ ಹಾಸಿಗೆ ಹಿಡಿದಿದ್ದರು, ಅಂಗಡಿ ಹೊಸದು. ಹೋದರೆ ನಾನು ಅಲ್ಲಿಯವಳೇ ಆಗಿಬಿಡುತ್ತೇನೆ ಎಂದು ಹೆದರಿದರಂತೆ. ದಿನ ಮೀರಿದ ಮೇಲೆ ಅದನ್ನು ಅಂಗಡಿಯ ಹಿಂದೆ ಸುಟ್ಟರಂತೆ. ನನ್ನ ಯೋಗ್ಯತೆ ಅಷ್ಟೇ ಎಂದು ನಾನು ಆ ವರ್ಷ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ್ದೆ. ಚೀಲವನ್ನು ಎತ್ತಿಕೊಟ್ಟವರೂ ಅವರೇ.

"ಅವತ್ತು ಎಲ್ಲ ಹೇಳ್ದೆ ನಿಂಗೆ," ಎಂದರು. "ನೀನು ನನ್ನ ಕೈ ಹಿಡ್ಕಂಡು, ಆಗಿದ್ದು ಆಯ್ತು, ಇನ್ನು ಅದನ್ನ ಹೊರಬೇಡಿ ಅಂದೆ. ಆಮೇಲೆ ನಕ್ಕೆ. ಆವಾಗ ತೆಗ್ದಿದ್ದು ಆ ಫೋಟೋ."

ಪುಸ್ತಕದ ಬರಹ, ಫೋಟೋ, ಹಳದಿ ಸೀರೆ, ಆ ಎಲ್ಲ ಹೆದರಿಕೆ ಆ ಕ್ಷಣದಲ್ಲಿ ಎಲ್ಲಿ ಹೋಯಿತೋ. ಉಳಿದದ್ದು ಒಂದೇ. ನನಗೆ ಮೋಸವಾಗಿದೆ. ಒಮ್ಮೆಯಲ್ಲ, ಎರಡು ಸಲ. ಹದಿನೇಳು ವರ್ಷ ಹಿಂದೆ ನನ್ನ ಕೈಗೆ ಬರಬೇಕಾದ ಕಾಗದ ನನಗೆ ಸಿಗಲಿಲ್ಲ. ಎಂಟು ತಿಂಗಳ ಹಿಂದೆ ನಾನು ಕೇಳಿಸಿಕೊಳ್ಳಬೇಕಾದ ತಪ್ಪೊಪ್ಪಿಗೆಯೂ ಸಿಗಲಿಲ್ಲ. ಅವಳು ಯಾರೇ ಇರಲಿ, ಕ್ಷಮಿಸಲು ಅವಳಿಗೇನು ಅಧಿಕಾರ? ಕಳೆದುಕೊಂಡವಳು ನಾನು. ಅವಳು ನನ್ನ ಹೆಸರು ಬರೆದದ್ದನ್ನು ಬೇಕಾದರೆ ಮರೆತೇನು, ನನ್ನ ಹೆಸರಿನಲ್ಲಿ ಕೈ ಹಿಡಿದು ನಕ್ಕಳಲ್ಲ, ಅದನ್ನು ಹೇಗೆ ಮರೆಯಲಿ? ಗೇಟಿನ ಚೀಟಿಯ ಸಮಯ ಮೀರುತ್ತದೆ ಎಂದು ಅವರು ಎರಡು ಸಲ ಹೇಳಿದ ಮೇಲೆ ಎದ್ದೆ.

ಮೂರನೆಯ ದಿನ ಕೋಣಂದೂರಿಗೆ ಹೋದೆವು. ನಮ್ಮವರು ಕಾರಿನಿಂದ ಇಳಿಯಲಿಲ್ಲ, ತಲೆನೋವು ಎಂದರು. ನಾನು ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕೂತು, ನಡೆದದ್ದೇನನ್ನೂ ತಿಳಿಸದೆ ಕೇಳಿದೆ. ಆಪರೇಷನ್ ಆದ ವಾರ, ಆ ಶನಿವಾರ, ನಾನು ಎಲ್ಲಿಗಾದರೂ ಹೋಗಿದ್ದೆನಾ?

"ಎಲ್ ಹೋಗ್ತೀಯ ನನ್ನ ಬಿಟ್ಟು?" ಎಂದರು ಅಮ್ಮ. "ಎರಡು ಗಂಟೆಗೊಂದ್ಸಲ ಕಣ್ಣಿಗೆ ಡ್ರಾಪ್ಸ್ ಹಾಕ್ತಿದ್ಯಲ್ಲ."

ಡ್ರಾಪ್ಸ್ ಹಾಕಿದ ವೇಳೆಯನ್ನು ನಾನು ಒಂದು ಹಾಳೆಯಲ್ಲಿ ಬರೆದು ಗುರುತು ಹಾಕುತ್ತಿದ್ದೆ. ಅಮ್ಮ ಅದನ್ನು ಔಷಧಿ ಡಬ್ಬದಲ್ಲೇ ಇಟ್ಟಿದ್ದರು. ಆ ಶನಿವಾರ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರ ತನಕ ಒಂದೂ ತಪ್ಪಿಲ್ಲ. ಏಳಕ್ಕೆ ಅಡ್ಡಗೆರೆ. ನನಗೆ ಹೋದ ಜೀವ ಬಂದಂತಾಯಿತು. ನಾನು ಇಲ್ಲೇ ಇದ್ದೆ, ನನಗೆ ತಲೆ ಕೆಟ್ಟಿಲ್ಲ.

ಅಷ್ಟರಲ್ಲಿ ಅಮ್ಮ ಒಲೆಯ ಕಡೆ ತಿರುಗಿಕೊಂಡೇ ಹೇಳಿದರು, "ಶನಿವಾರ ನಂಗೆ ಚೆನ್ನಾಗಿ ನೆನಪುಂಟು. ಎಂತಕ್ಕೋ ಅವತ್ತು ನೀನು ಒಂದು ಮಾತೂ ಆಡ್ಲಿಲ್ಲ. ಬರ್ತಿದ್ದೆ, ಡ್ರಾಪ್ಸ್ ಹಾಕ್ತಿದ್ದೆ, ಹೋಗ್ತಿದ್ದೆ. ಕರೆದ್ರೂ ಓಗೊಡ್ಲಿಲ್ಲ. ಗಂಡನ ಹತ್ರ ಜಗಳ ಆಗಿರ್ಬೇಕು ಅನ್ಕಂಡೆ."

ಆ ದಿನವನ್ನು ನೆನಪಿಸಿಕೊಳ್ಳಲು ನಾನು ಆಮೇಲೆ ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಏನು ಅಡುಗೆ ಮಾಡಿದೆ, ಯಾರು ಬಂದಿದ್ದರು, ಸ್ನಾನ ಎಷ್ಟು ಹೊತ್ತಿಗೆ, ಏನೂ ಇಲ್ಲ. ಗಡಿಯಾರ ಮತ್ತು ಡ್ರಾಪ್ಸಿನ ಬಾಟಲಿ, ಅಷ್ಟೇ ಕಣ್ಣಿಗೆ ಬರುತ್ತದೆ. ಹಿಂದಿನ ದಿನವೂ ನೆನಪಿದೆ, ಮುಂದಿನ ದಿನವೂ ನೆನಪಿದೆ.

ನನ್ನಂತೆಯೇ ಇರುವ ಒಬ್ಬಳು ಎಲ್ಲೋ ಇರಬಹುದು. ಆದರೆ ನನ್ನ ಕೈಬರಹ ಅವಳಿಗೆ ಹೇಗೆ ಬಂತು? ನಮ್ಮವರೇ ನನ್ನ ಅಕ್ಷರ ಕಲಿತು ಬರೆದರು ಎಂದರೆ ಆ ಫೋಟೋ? ಎಲ್ಲ ಹೊಂದಿಸಿ ಮಾಡಿದ ಕಪಟ ಎಂದರೆ, ಅದರಿಂದ ಅವರಿಗೆ ಸಿಕ್ಕ ಲಾಭವೇನು? ಅವರು ಬಾಯಿ ಬಿಡದಿದ್ದರೆ ಕಾಗದದ ವಿಷಯ ನನಗೆ ಸಾಯುವ ತನಕ ತಿಳಿಯುತ್ತಿರಲಿಲ್ಲ. ಯಾವ ದಾರಿಯಲ್ಲಿ ಹೋದರೂ ಅರ್ಧಕ್ಕೆ ನಿಲ್ಲುತ್ತೇನೆ. ಸ್ಟಾಫ್ ರೂಮಿನಲ್ಲಿ ಈಗ ಯಾರಾದರೂ ಇಂಥದ್ದು ಹೇಳಿದರೆ ನಾನು ಊಟ ಮುಗಿಸಿ ಎದ್ದು ಹೋಗುತ್ತೇನೆ.

ನಾವು ಈಗಲೂ ಒಂದೇ ಮನೆಯಲ್ಲಿದ್ದೇವೆ. ಮೊದಲ ಕೆಲವು ತಿಂಗಳು ನಾನು ಬೇರೆ ಕೋಣೆಯಲ್ಲಿ ಮಲಗಿದೆ. ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ಅವರ ಎದುರು ಕೂತು ಕೇಳಿದೆ. "ಅವತ್ತು ಆ ಬಂಡೆ ಮೇಲೆ ಹೇಗೆ ಹೇಳಿದ್ರೋ ಹಾಗೇ ನನಗೂ ಒಂದು ಸಲ ಹೇಳಿ. ಮೊದಲಿಂದ. ನಾನು ಪೂರ್ತಿ ಕೇಳ್ತೀನಿ."

ಅವರು ಪ್ರಯತ್ನಪಟ್ಟರು, ಸುಳ್ಳು ಹೇಳಬಾರದು. ಕಾಗದ ಬಂದ ದಿನ ಎಂದು ಶುರು ಮಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದರು. ಕೊನೆಗೆ, "ಆಗಲ್ಲ ಕಣೇ. ಅಷ್ಟು ವರ್ಷ ಎದೇಲಿ ಇದ್ದಿದ್ದು ಅವತ್ತು ಒಂದೇ ಸಲ ಬಂತು. ಈಗ ಹುಡುಕಿದ್ರೆ ಇಲ್ಲ," ಎಂದರು. ಅವರ ಮುಖ ನೋಡಿದೆ. ಅದು ತಪ್ಪು ಮಾಡಿದವರ ಮುಖವಾಗಿರಲಿಲ್ಲ. ಎಂದೋ ಹೊರೆ ಇಳಿಸಿ, ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಮುಖ.

ಅವತ್ತು ಅವರು ಯಾವ ಮಾತಿನಿಂದ ಶುರು ಮಾಡಿದರು, ಎಲ್ಲಿ ತಡವರಿಸಿದರು, ಅತ್ತರೋ ಇಲ್ಲವೋ, ನನಗೆ ಗೊತ್ತಿಲ್ಲ. ಅದು ಗೊತ್ತಿರುವುದು ಅವಳಿಗೆ. ನಾನಂತೂ ಅವರನ್ನು ಇನ್ನೂ ಕ್ಷಮಿಸಿಲ್ಲ. ಆದರೆ ಹಾಗೆಂದು ಹೇಳಿದರೆ ನಂಬಲು ನಮ್ಮ ಮನೆಯಲ್ಲಿ ಯಾರೂ ಇಲ್ಲ.